ಮೂರೇ ಮೂರು ಕಾಮಾಲೆ

ನಮ್ಮೂರಿನ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಒಂದು ಕಪ್ಪು ಹಲಗೆ ಇತ್ತು. ಮಲೇರಿಯಾ ಎಷ್ಟು, ಭೇದಿ ಎಷ್ಟು, ಕಾಮಾಲೆ ಎಷ್ಟು ಎಂದು ವಾರಕ್ಕೊಮ್ಮೆ ಅದರಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ ಕಾಮಾಲೆಯ ಎದುರು ಬರೆದ ಮೂರು ಎಂಬ ಅಂಕಿ ವಾರ ವಾರ ಕಳೆದರೂ ಮೂರಾಗಿಯೇ ಉಳಿಯಿತು. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಎಷ್ಟೋ ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಒಂದು ಅಂಕಿಯನ್ನು ಹೀಗೆ ದ್ವೇಷಿಸಿದ್ದು ಅದೊಂದೇ ಸಲ.

ವರ್ಕಾಡಿಯಿಂದ ಆಚೆ, ಕೇರಳಕ್ಕೆ ಸೇರಿದ್ದರೂ ಕರ್ನಾಟಕದ ಗಡಿಗೆ ತಾಗಿಕೊಂಡ ಸಣ್ಣ ಊರು ನಮ್ಮದು. ನಾನು ಅಲ್ಲಿನ ಕನ್ನಡ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನನ್ನು ಊರವರು ಬಾಯಮ್ಮ ಎನ್ನುತ್ತಿದ್ದರು. ನಮ್ಮ ಕಡೆ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಹಾಗೆಯೇ. ಬಾಯಮ್ಮ ಕಾಮಾಲೆಗೆ ಮದ್ದು ಕೊಡುತ್ತಾಳೆ ಎಂಬುದು ಗಡಿಯ ಎರಡೂ ಬದಿಗೆ ಗೊತ್ತಿತ್ತು. ಸೂರ್ಯ ಏಳುವ ಮೊದಲು ಖಾಲಿ ಹೊಟ್ಟೆಯಲ್ಲಿ ಬರಬೇಕು. ಯಾವುದೋ ಸೊಪ್ಪನ್ನು ಹಾಲಿನಲ್ಲಿ ಅರೆದು ಕೊಡುತ್ತಿದ್ದಳು, ಮೂರು ದಿನ. ಉಪ್ಪು, ಎಣ್ಣೆ, ಮೀನು ಬಿಟ್ಟು ಬರೀ ಗಂಜಿಯ ಪಥ್ಯ. ದುಡ್ಡು ಮುಟ್ಟುತ್ತಿರಲಿಲ್ಲ. ಗುಣವಾದವರು ಒಂದು ತೆಂಗಿನಕಾಯಿ ತಂದು ಜಗಲಿಯ ಮೂಲೆಯಲ್ಲಿಟ್ಟು, ಮಾತಾಡದೆ ಹೋಗುವುದು ಕ್ರಮ. ಇದಕ್ಕೆಲ್ಲ ಮಿಗಿಲಾದ ಇನ್ನೊಂದು ಕಟ್ಟು ಇತ್ತು. ಮದ್ದು ಕೊಟ್ಟವಳು ತೆಗೆದುಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಆ ಮದ್ದು ಮತ್ತೆ ಆ ಕೈಯಿಂದ ಯಾರಿಗೂ ಹಿಡಿಯುವುದಿಲ್ಲ. ಅಮ್ಮನ ಅಮ್ಮ ಮದ್ದಿನ ಜೊತೆಗೆ ಇದನ್ನೂ ಕೊಟ್ಟು ಹೋಗಿದ್ದಳು.

ಹೆಚ್ಚಿನ ಕಾಮಾಲೆ ಪಥ್ಯ ಮಾಡಿ ಮಲಗಿದರೆ ತಾನಾಗಿ ಇಳಿಯುತ್ತದೆ ಎಂದು ಬಹಳ ವರ್ಷಗಳ ನಂತರ ಒಬ್ಬ ಡಾಕ್ಟರು ನನಗೆ ಹೇಳಿದರು. ನಾನು ಅದನ್ನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ವರ್ಷಕ್ಕೆ ಏಳೆಂಟು ಕಾಯಿ ಬಂದರೆ ಹೆಚ್ಚು. ಆ ಬೇಸಗೆಯಲ್ಲಿ ಜಗಲಿಯ ಮೂಲೆ ತುಂಬಿ ಕಾಯಿಗಳು ಮೆಟ್ಟಿಲಿಗೆ ಉರುಳತೊಡಗಿದವು. ಶಾಲೆಯಲ್ಲಿ ನನ್ನ ಮೂರನೇ ಕ್ಲಾಸಿನ ಬೆಂಚುಗಳು ಖಾಲಿಯಾದವು. ಬಂದ ಮಕ್ಕಳಲ್ಲೂ ಕೆಲವರ ಕಣ್ಣಿನ ಬಿಳಿ ಅರಸಿನದ ಬಣ್ಣಕ್ಕೆ ತಿರುಗಿತ್ತು. ಯಾರ ಮನೆಯವರು ಎಂದು ನೋಡುತ್ತ ಹೋದರೆ ಎಲ್ಲರೂ ನಳ್ಳಿ ನೀರು ಕುಡಿಯುವವರು. ಹಿಂದಿನ ವರ್ಷವಷ್ಟೇ ಕಲ್ಲು ಹಾಕಿ, ಹಾರ ಹಾಕಿ, ಭಾಷಣ ಮಾಡಿ ಉದ್ಘಾಟಿಸಿದ ನಳ್ಳಿ. ತೋಡಿನ ಗುಂಡಿಯಿಂದ ಪಂಪು ಮಾಡಿ ಟ್ಯಾಂಕಿಗೆ, ಟ್ಯಾಂಕಿಯಿಂದ ರಸ್ತೆ ಬದಿಗೆ. ಮಾರ್ಚಿನಲ್ಲಿ ತೋಡು ಬತ್ತಿ ಗುಂಡಿ ಮಾತ್ರ ಉಳಿದಿತ್ತು, ಮೇಲಿನ ಪೇಟೆಯ ಚರಂಡಿ ಬಂದು ಬೀಳುವುದೂ ಅದಕ್ಕೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಬೇಕು ಎಂದರು ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ಹೆಲ್ತ್ ಇನ್ಸ್‌ಪೆಕ್ಟರು ತೆಂಕಣ ಕೇರಳದಿಂದ ವರ್ಗವಾಗಿ ಬಂದ ಹುಡುಗ. ಒಳ್ಳೆಯವನೇ, ಕನ್ನಡ ಬಾರದು. ನಾನು ನನ್ನ ಹರಕು ಮಲಯಾಳದಲ್ಲಿ ಟ್ಯಾಂಕಿ ಮುಚ್ಚಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ ಎಂದೆ. ಅವನು ಹಲಗೆ ತೋರಿಸಿದ. ರಕ್ತ ಪರೀಕ್ಷೆ ಮಾಡಿಸಿಕೊಂಡವರು ಮೂರೇ ಜನ. ಮೂರು ಜನಕ್ಕೆ ಟ್ಯಾಂಕಿ ಮುಚ್ಚಲಿಕ್ಕೆ ಆಗುವುದಿಲ್ಲ.

"ಬೇರೆಯವರು ಉಂಟಾದರೆ ಹೆಸರು ಕೊಡಿ ಟೀಚರೇ," ಎಂದ.

ಹೆಸರು ಇದ್ದದ್ದು ಅಮ್ಮನ ತಲೆಯಲ್ಲಿ. ಅಂದು ಸಂಜೆ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು.

"ಊರಿಡೀ ಹಳದಿಯಾಗ್ತಾ ಉಂಟು, ನಿಮಗೆ ನಿಮ್ಮ ಕಟ್ಟು ದೊಡ್ಡದಾ?"

"ಹೌದು ದೊಡ್ಡದೇ. ನಾಳೆ ಬೆಳಿಗ್ಗೆ ನಾಲ್ಕು ಜನ ಬರ್ತಾರೆ. ಕೈ ಬಿಟ್ಟು ಹೋದ ಮದ್ದನ್ನು ಅವರಿಗೆ ಹೇಗೆ ಕೊಡುವುದು, ನೀನೇ ಹೇಳು."

ಮುದುಕಿಗೆ ಹಟ ಎಂದು ಪಾತ್ರೆ ಕುಕ್ಕಿದೆ. ಆದರೆ ಅಮ್ಮ ಸುಮ್ಮನೆ ಕೂತವಳಲ್ಲ. ಬಂದವರಿಗೆಲ್ಲ ನಳ್ಳಿ ನೀರು ಮುಟ್ಟಬೇಡಿ, ನಮ್ಮ ಬಾವಿಯಿಂದ ಕೊಂಡುಹೋಗಿ ಎನ್ನುತ್ತಿದ್ದಳು. ಕೆಲವರು ಕೊಂಡುಹೋದರು. ಮನೆ ಮುಂದೆಯೇ ನಳ್ಳಿ ಇರುವಾಗ ಕೊಡಪಾನ ಸೊಂಟಕ್ಕಿಟ್ಟು ನಮ್ಮ ಗುಡ್ಡ ಹತ್ತುವವರು ಎಷ್ಟು ಜನ?

ಒಂದು ದಿನ ರಜೆ ಹಾಕಿ ಜಿಲ್ಲಾ ಕಚೇರಿಗಳಿರುವ ವಿದ್ಯಾನಗರಕ್ಕೆ ಹೋದೆ. ಮೂರು ಬಸ್ಸು ಬದಲಿಸಿ ಒಂದು ಆಫೀಸಿನ ಬೆಂಚಿನಲ್ಲಿ ಊಟದ ಹೊತ್ತಿನವರೆಗೆ ಕಾದೆ. ಒಳಗಿದ್ದ ಅಧಿಕಾರಿ ನನ್ನ ಕನ್ನಡ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಓದಿ ಹೇಳಲು ಒಬ್ಬ ಗುಮಾಸ್ತನನ್ನು ಕರೆದರು. ಕನ್ನಡದವರು ಅರ್ಧ ತುಂಬಿದ ತಾಲೂಕಿಗೆ ಕನ್ನಡ ಓದಲು ಬಾರದವರು! ಗುಮಾಸ್ತ ಓದುತ್ತ ತೆಂಗಿನಕಾಯಿಯ ಮಾತು ಬಂದಾಗ ನಕ್ಕ. ಅಧಿಕಾರಿಯೂ ನಕ್ಕರು.

"ಟೀಚರೇ, ನಾವು ರೋಗಿಗಳನ್ನು ಎಣಿಸುವುದು, ತೆಂಗಿನಕಾಯಿಯನ್ನಲ್ಲ," ಎಂದು ಗುಮಾಸ್ತ ಅವರ ಮಾತನ್ನು ನನಗೆ ದಾಟಿಸಿದ.

ಎಣಿಸುವುದೆಂದರೆ ನಡೆದು ಹೋಗಿ ನೋಡುವುದು ಎಂದು ನಾನು ಮಕ್ಕಳಿಗೆ ಕಲಿಸಿದ್ದೆ. ಇವರ ಎಣಿಕೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಯಾರು ತಾವಾಗಿ ಬಂದು ರಕ್ತ ಕೊಟ್ಟು ಚೀಟಿ ಹಿಡಿದು ನಿಂತರೋ ಅವರಿಗೆ ಮಾತ್ರ ರೋಗ. ಉಳಿದವರು ಸುಮ್ಮನೆ ಹಳದಿಯಾದವರು! ಇಷ್ಟನ್ನು ಅವರ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಕೈಮುಗಿದು ಹೊರಗೆ ಬಂದೆ. ಆ ಕೈಮುಗಿದದ್ದಕ್ಕೆ ನನಗೆ ಈಗಲೂ ನಾಚಿಕೆ ಉಂಟು.

ನಮ್ಮ ಗುಡ್ಡದ ಕೆಳಗೆ, ನಳ್ಳಿಯ ಎದುರಿನ ಮನೆಯಲ್ಲಿ ಬೀಡಿ ಕಟ್ಟುವ ಒಬ್ಬ ವಿಧವೆ ಇದ್ದರು. ತುಳು ಮಾತಿನವರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಮಗ ದುಬಾಯಿಯಲ್ಲಿ. ಸೊಸೆಗೆ ಏಳು ತಿಂಗಳು. ಅತ್ತೆ ಸೊಸೆ ಎದುರುಬದುರು ಕೂತು ಮಡಿಲಲ್ಲಿ ಬೀಡಿ ಕಟ್ಟುವ ಮೊರದಂಥ ತಡ್ಪೆ ಇಟ್ಟುಕೊಂಡು ನಗುತ್ತಿದ್ದುದು ರಸ್ತೆಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಸೊಸೆಯ ಕೈಹಿಡಿದು ಗುಡ್ಡ ಹತ್ತಿ ಬಂದರು. ಅಮ್ಮ ಲಾಟೀನು ಎತ್ತಿ ಹುಡುಗಿಯ ಕಣ್ಣು ನೋಡಿದಳು, ಹೊಟ್ಟೆ ನೋಡಿದಳು. ಅರೆಯುವ ಕಲ್ಲಿಗೆ ಕೈ ಹಾಕಲೇ ಇಲ್ಲ.

"ಬಸುರಿಗೆ ನಾನು ಕೊಡುವುದಿಲ್ಲ. ಈಗಲೇ ಜೀಪು ಮಾಡಿ ಮಂಗಳೂರಿಗೆ ಹೋಗಿ. ಈಗಲೇ."

ನಾನೂ ಜೀಪಿನಲ್ಲಿ ಹೋದೆ. ಗಡಿಯ ತಲಪಾಡಿ ದಾಟುವಾಗಲೇ ಹುಡುಗಿ ಅರ್ಥವಿಲ್ಲದ್ದು ಮಾತಾಡತೊಡಗಿದ್ದಳು. ಬಸುರಿಯರಿಗೆ ಈ ಕಾಮಾಲೆ ಬೇರೆಯವರಿಗಿಂತ ಕಠಿಣ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಐದನೆಯ ದಿನ ಹುಡುಗಿ ಹೋದಳು. ಮಗು ಅದಕ್ಕಿಂತ ಒಂದು ದಿನ ಮೊದಲೇ ಹೊಟ್ಟೆಯೊಳಗೇ ತೀರಿಹೋಗಿತ್ತು. ದುಬಾಯಿಗೆ ಫೋನು ಮಾಡಿದವಳು ನಾನೇ. ಏನು ಹೇಳಿದೆ ಎಂದು ನೆನಪಿಲ್ಲ, ಆಚೆಯಿಂದ ಅವನು ಮತ್ತೆ ಮತ್ತೆ "ಯಾವ ನೀರು, ಯಾವ ನೀರು" ಎಂದು ಕೇಳಿದ್ದು ನೆನಪಿದೆ.

ಮಣ್ಣು ಮಾಡಿ ಬಂದ ಮರುದಿನ ಅಮ್ಮ ಕಾಗದ, ಪೆನ್ನು ತಾ ಎಂದಳು. ಜಗಲಿಯಲ್ಲಿ ಕೂತು ಒಬ್ಬೊಬ್ಬರದೇ ಹೆಸರು ಹೇಳುತ್ತ ಹೋದಳು. ಮನೆ, ವಯಸ್ಸು, ಯಾವ ವಾರ ಬಂದದ್ದು, ಎಲ್ಲ. ಅರವತ್ತೆರಡು ಹೆಸರು. ಒಂದು ಸಲವೂ ತಡವರಿಸಲಿಲ್ಲ. ಮುಗಿದ ಮೇಲೆ ಅರೆಯುವ ಕಲ್ಲನ್ನು ತೊಳೆದು ಕವುಚಿ ಹಾಕಿದಳು. ಆಮೇಲೆ ಬಂದವರನ್ನೆಲ್ಲ "ನನ್ನ ಕೈಯಲ್ಲಿ ಇನ್ನು ಇಲ್ಲ, ಆಸ್ಪತ್ರೆಗೆ ಹೋಗಿ" ಎಂದು ಕಳಿಸಿದಳು. ನಲವತ್ತು ವರ್ಷ ಮಾಡಿದ್ದನ್ನು ಆ ಅರವತ್ತೆರಡು ಹೆಸರಿಗಾಗಿ ಬಿಟ್ಟಳು. ಅದರ ಬೆಲೆ ಆ ಆಫೀಸಿನವರಿಗೆ ಹೇಗೆ ಗೊತ್ತಾಗಬೇಕು!

ಪಟ್ಟಿಯನ್ನು ಮಲಯಾಳದಲ್ಲಿಯೂ ಬರೆಸಿ ಇನ್ಸ್‌ಪೆಕ್ಟರನಿಗೆ ಕೊಟ್ಟೆ. ಅವನು ಗಾಬರಿಯಾದ. ಎರಡೇ ದಿನದಲ್ಲಿ ಮೇಲಿನ ಆಫೀಸಿನ ಜೀಪಿನಲ್ಲಿ ಹರಕು ಕನ್ನಡ ಬಲ್ಲ ಇಬ್ಬರನ್ನು ಕರೆದುಕೊಂಡು ಬಂದು, ಪಟ್ಟಿ ಹಿಡಿದು ಮನೆ ಮನೆಗೆ ಹೋದ. ನಾನು ಶಾಲೆಯಲ್ಲಿದ್ದೆ. ಕೊನೆಗೂ ಕುರ್ಚಿ ಬಿಟ್ಟು ಎದ್ದರಲ್ಲ ಎಂದು ಆ ದಿನ ಪಾಠದ ನಡುವೆ ನಾನೊಬ್ಬಳೇ ನಕ್ಕಿದ್ದೇನೆ.

ಮರುದಿನ ನನ್ನ ಕ್ಲಾಸಿನ ಒಬ್ಬಳು ಹುಡುಗಿ ಓಡಿ ಬಂದು ನನ್ನ ಸೆರಗು ಹಿಡಿದಳು. ಮುಖದಲ್ಲಿ ದೊಡ್ಡ ಸಾಹಸ ಮಾಡಿದ ಹಿಗ್ಗು.

"ಟೀಚರ್, ಜೀಪಿನವರು ಕೇಳಿದರು. ನಾವು ಹೇಳಲೇ ಇಲ್ಲ!"

"ಎಂತ ಹೇಳಲಿಲ್ಲ?"

"ನನಗೆ ಕಾಮಾಲೆ ಆದದ್ದು! ಬಾಯಮ್ಮನನ್ನು ಹಿಡ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ವಾ ಅವರು? ಯಾರೂ ಹೇಳಲಿಲ್ಲ ಟೀಚರ್. ಆಚೆ ಮನೆಯವರೂ ಹೇಳಲಿಲ್ಲ."

ಡಾಕ್ಟರಲ್ಲದೆ ಮದ್ದು ಕೊಟ್ಟದ್ದಕ್ಕೆ ಬಾಯಮ್ಮನನ್ನು ಜೈಲಿಗೆ ಹಾಕುತ್ತಾರೆ ಎಂದು ಜೀಪು ನೋಡಿದ ಕೂಡಲೇ ಊರಿಡೀ ಸುದ್ದಿಯಾಗಿತ್ತು. ಪಟ್ಟಿಯಲ್ಲಿದ್ದ ಒಂದೊಂದು ಮನೆಯೂ ಅಮ್ಮನನ್ನು ಕಾಪಾಡಿತ್ತು. ಕಾಮಾಲೆಯೇ? ಇಲ್ಲಪ್ಪ. ಮಗು ಶಾಲೆಗೆ ಹೋಗದ್ದು ಸೋಮಾರಿತನದಿಂದ. ಬಾಯಮ್ಮ ಯಾರೆಂದೇ ಗೊತ್ತಿಲ್ಲ! ನಾನು ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ನಿಂತೆ. ಹೊಡೆಯಬೇಕೆನಿಸಿತು, ಎತ್ತಿ ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಸಂಜೆ ಮನೆ ಮನೆಗೆ ಹೋಗಿ ಬೈದೆ. "ನಿಮ್ಮ ತಾಯಿಯನ್ನು ನಾವು ಬಿಟ್ಟುಕೊಡುವುದಾ ಟೀಚರೇ?" ಎಂದರು. ಆಫೀಸಿನವರ ಮೇಲೆ ಇದ್ದ ಸಿಟ್ಟನ್ನು ಇವರ ಮೇಲೆ ತೀರಿಸಿದ್ದು ತಪ್ಪು. ನಮ್ಮ ಭಾಷೆ ಬಾರದ, ನಮ್ಮ ಮನೆಯ ಮೆಟ್ಟಿಲು ಕಾಣದ ಸರಕಾರ ಒಂದು ದಿನ ಜೀಪಿನಲ್ಲಿ ಬಂದಿಳಿದರೆ ಜನ ಬೇರೇನೆಂದು ತಿಳಿಯಬೇಕು?

ನಿಜ ಹೇಳಿದ್ದು ಒಂದೇ ಮನೆ, ನಳ್ಳಿಯ ಎದುರಿನ ಮನೆ. ಅಕ್ಕ ಬಾಗಿಲಲ್ಲಿ ನಿಂತು, ನನ್ನ ಸೊಸೆಗೆ ಆಗಿತ್ತು, ಸತ್ತಳು, ಬರೆಯಿರಿ ಎಂದರಂತೆ. ಎಲ್ಲಿ ಸತ್ತದ್ದು ಎಂದು ಕೇಳಿದರಂತೆ. ಮಂಗಳೂರಿನಲ್ಲಿ. ಹಾಗಾದರೆ ಅದು ಕರ್ನಾಟಕದ ಲೆಕ್ಕಕ್ಕೆ ಹೋಗುತ್ತದೆ, ಕೇರಳದ್ದಕ್ಕೆ ಬರುವುದಿಲ್ಲ ಎಂದು ಪುಸ್ತಕ ಮುಚ್ಚಿದರಂತೆ. ನಾನು ಬಿಡಲಿಲ್ಲ, ಮಂಗಳೂರಿಗೆ ಹೋಗಿ ಕೇಳಿದೆ. ವಿಳಾಸ ಕೇರಳದ್ದಲ್ಲವೇ, ನಾವು ಅದನ್ನು ಸೇರಿಸುವುದಿಲ್ಲ ಎಂದರು. ಎರಡು ರಾಜ್ಯಗಳ ನಡುವೆ ಒಂದು ತಾಯಿ, ಒಂದು ಮಗು, ಎರಡು ಜೀವಗಳಿಗೆ ಜಾಗವಿರಲಿಲ್ಲ. ಹಿಂದಿರುಗಿ ಬಂದು ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ.

ಮುಂದಿನ ಸೋಮವಾರ ಹಲಗೆಯಲ್ಲಿ ಮತ್ತೆ ಮೂರು.

ಅದೇ ವಾರ ಒಂದು ಮಧ್ಯಾಹ್ನ ಅಕ್ಕ ಪಿಕ್ಕಾಸು ಹಿಡಿದು ರಸ್ತೆಗೆ ಬಂದರು. ನಳ್ಳಿಯನ್ನು ಮುರಿದರು. ಅದು ನಿಂತಿದ್ದ ಕಾಂಕ್ರೀಟಿನ ಕಂಬವನ್ನು ಒಡೆದರು. ಆಮೇಲೆ ಮಣ್ಣು ಅಗೆದು ಪೈಪನ್ನೇ ಜಜ್ಜಿದರು. ಟ್ಯಾಂಕಿಯ ನೀರೆಲ್ಲ ರಸ್ತೆಗೆ ಹರಿದು ಖಾಲಿಯಾಗುವ ತನಕ ಪಿಕ್ಕಾಸು ಊರಿಕೊಂಡು ಅಲ್ಲೇ ನಿಂತಿದ್ದರು. ಯಾರೂ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೇ ನೀರಿನ ಇಲಾಖೆಯವರು ಬಂದರು. ಎಷ್ಟು ಚುರುಕು! ಜೊತೆಗೆ ಪೊಲೀಸಿನವನು ಒಬ್ಬ. ಟೇಪು ಹಿಡಿದು ಅಳೆದರು. ಮುರಿದ ನಳ್ಳಿ ಒಂದು, ಕಂಬ ಒಂದು, ಪೈಪು ಇಷ್ಟು ಅಡಿ ಎಂದು ಒಂದೂ ಬಿಡದೆ ಎಣಿಸಿದರು. ಕಾಮಾಲೆಗೆ ಎದ್ದೇಳದವರು ಕಬ್ಬಿಣಕ್ಕೆ ಓಡೋಡಿ ಬಂದಿದ್ದರು. ಅವರಿಗೂ ಅಕ್ಕನಿಗೂ ಭಾಷೆ ಹೊಂದುತ್ತಿರಲಿಲ್ಲವಾದ್ದರಿಂದ ಶಾಲೆಗೆ ಹೊರಟಿದ್ದ ನನ್ನನ್ನು ನಿಲ್ಲಿಸಿದರು. ಇದನ್ನು ಮಾಡಿದ್ದು ಯಾರು ಎಂದು ಕೇಳಿ ಹೇಳಿ ಎಂದರು.

ನಾನು ಕೇಳುವ ಮೊದಲೇ ಅಕ್ಕ ಮೆಟ್ಟಿಲಿಳಿದು ಬಂದರು.

"ನಾನೇ. ನನ್ನ ಹೆಸರು ಬರೆಯಿರಿ. ಇದು ಒಡೆದದ್ದು ಇಲ್ಲಿಯೇ, ಮಂಗಳೂರಿನಲ್ಲಿ ಅಲ್ಲ. ಇದಾದರೂ ಕೇರಳದ ಲೆಕ್ಕಕ್ಕೆ ಬರ್ತದಲ್ಲ?"

ನಾನು ಒಂದಕ್ಷರ ಬಿಡದೆ ಮಲಯಾಳದಲ್ಲಿ ಹೇಳಿದೆ. ಅವರು ತಲೆ ಎತ್ತದೆ ಬರೆದುಕೊಂಡರು.