ಸೀರೆ ಡಬ್ಬಿಯ ರಟ್ಟು, ಯಾಕೂಬಸಾಬರ ಕೈ

ಕುಂದಗೋಳದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೆಕ್ಯಾನಿಕ್ ಯಾಕೂಬಸಾಬರ ಗ್ಯಾರೇಜಿನ ಮುಂದೆ ಜೋಡೆತ್ತುಗಳು ಅಂಬಾಸಿಡರ್ ಕಾರೊಂದನ್ನು ಎಳೆದು ತಂದು ನಿಲ್ಲಿಸುತ್ತವೆ. ಹಿಂದಿನ ಸೀಟಿನಲ್ಲಿ ಅರಿಷಿಣ ಮೈಯ ಮದುಮಗಳು! ಯರಗುಪ್ಪಿಯಲ್ಲಿ ಒಂಬತ್ತಕ್ಕೆ ಮುಹೂರ್ತ. ಚಕ್ಕಡಿ ಜಾಡಿನ ನಡುದಿಬ್ಬ ಬಡಿದು ಕಾರಿನ ಚೇಂಬರ್, ಅಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ಹಿಡಿದಿಡುವ ಬೋಗುಣಿ, ಸೀಳಿದೆ.

ಡ್ರೈವರ್ ಹುಚ್ಚಪ್ಪ ಸುಮ್ಮನೆ ಕೂತವನಲ್ಲ. ಹೊಲದ ಮನೆಯೊಂದರಲ್ಲಿ ಜೋಳದ ಹಿಟ್ಟು ಕೇಳಿ, ನಾದಿ, ಬಿರುಕಿಗೆ ಮೆತ್ತಿದ್ದಾನೆ. ಫರ್ಲಾಂಗು ದಾಟುವುದರೊಳಗೆ ಅದು ಉದುರಿ ಬಿದ್ದಿದೆ.

"ಲೇ ಹುಚ್ಚಪ್ಪಾ, ಎಂಜಿನ್ನಿಗೆ ರೊಟ್ಟಿ ತಿನಸಾಕ ಹೋಗಿದ್ದೇನಲೇ?" ಎಂದು ನಗುತ್ತಲೇ ಸಾಬರು ಜಾಕ್ ಏರಿಸಿ, ಗೋಣಿತಟ್ಟು ಹಾಸಿ ಕಾರಿನಡಿ ನುಸುಳುತ್ತಾರೆ.

ಅವರಪ್ಪ ಹತ್ತಿ ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಗಿರಣಿ ಮುಚ್ಚಿತು, ಮಗ ಬೋಲ್ಟು ಬಿಗಿಯುವ ಪಾನಾ ಹಿಡಿದು ರಸ್ತೆಯ ಗಾಡಿಗಳ ರಿಪೇರಿಗೆ ಇಳಿದರು. ಮಳೆಗಾಲದಲ್ಲಂತೂ ಎರೆಮಣ್ಣು ಬೆನ್ನು ಬಿಡುವುದಿಲ್ಲ. "ಮಂದಿ ಅಂಗಿ ಮೊಣಕೈಗೆ ಹರಿತಾವ್ರಿ, ನನ್ನವು ಬೆನ್ನಿಗೆ. ನಮ್ಮ ಮನ್ಯಾಕಿ ದಿನಾ ಬೈತಾಳ," ಎಂದು ಕಾರಿನಡಿಯಿಂದಲೇ ಹೇಳುತ್ತಾರೆ.

ಚೇಂಬರ್ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ನೆಗ್ಗಿದ್ದನ್ನು ಬಡಿದು, ಬೆಸುಗೆಯನ್ನೂ ಹಾಕಿದ್ದಾಯಿತು. ಆದರೆ ಅಂಚಿಗೆ ಕೂರಿಸುವ ಪ್ಯಾಕಿಂಗ್ ಚಿಂದಿಯಾಗಿದೆ. ಅದಿಲ್ಲದಿದ್ದರೆ ಸುತ್ತಲೂ ಎಣ್ಣೆ ಸೋರುತ್ತದೆ. ಹುಬ್ಬಳ್ಳಿಯ ಅಂಗಡಿ ತೆರೆಯುವ ಹೊತ್ತಿಗೆ ಮುಹೂರ್ತ ಮೀರಿರುತ್ತದೆ. ಕಾರಿನಲ್ಲಿ ಜೊತೆಗೆ ಬಂದಿದ್ದ ಮದುಮಗಳ ಸೋದರತ್ತೆ ಮಹಾದೇವಕ್ಕ ಕಣ್ಣಿಗೆ ಸೆರಗು ಹಚ್ಚುತ್ತಾರೆ.

"ಅಳಬ್ಯಾಡ್ರಿ ಅಕ್ಕಾರ. ಸೀರಿ ಡಬ್ಬಿ ಐತೇನ್ರಿ?"

"ಐತಿ. ಯಾಕ್ರಿ?"

"ಸೀರಿ ನಿಮಗ, ಡಬ್ಬಿ ನನಗ!"

ಚೇಂಬರಿನ ಅಂಚಿಗೆ ಎಣ್ಣೆ ಸವರಿ ಡಬ್ಬಿಯ ರಟ್ಟಿನ ಮೇಲೆ ಒತ್ತುತ್ತಾರೆ. ಮೂಡಿದ ಗುರುತಿನ ಗುಂಟ ಕತ್ತರಿಸಿ, ಗ್ರೀಸು ಹಚ್ಚಿ ಕೂರಿಸುತ್ತಾರೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. "ಒಂದ ಬಾಜು ಬಿಗದ್ರ ಇನ್ನೊಂದ ಬಾಜು ಸಿಟ್ಟಾಗತೈತ್ರಿ," ಎಂಬುದು ಅವರ ವಿವರಣೆ.

ಹೊಸ ಎಣ್ಣೆ ಹೊಟ್ಟೆಗೆ ಬಿದ್ದದ್ದೇ ಎಂಜಿನ್ ಗುರುಗುಟ್ಟುತ್ತದೆ. ಮಹಾದೇವಕ್ಕನಿಗೆ ಇನ್ನೂ ಧೈರ್ಯವಿಲ್ಲ. "ದಾರ್ಯಾಗ ಮತ್ತ ಸೋರಿದ್ರ?"

"ಹಂಗಾರ ನಾನೂ ಬರ್ತೀನಿ. ಹೋಗೂಣು ನಡೀರಿ."

ಸಾಬರ ಬಗ್ಗೆ ಬರೆಯಲು ಬಂದ ನಾನೂ ಬಾಗಿಲಿಗೆ ಅಂಟಿಕೊಂಡು ಕೂರುತ್ತೇನೆ. ದಾರಿಯುದ್ದಕ್ಕೂ ಸಾಬರ ಕಿವಿಯೆಲ್ಲ ಎಂಜಿನ್ನಿನ ಕಡೆಗೇ.

ಯರಗುಪ್ಪಿಯ ಹಂದರದಲ್ಲಿ ವಾಲಗ ಶುರುವಾಗಿದೆ. ಹೊತ್ತು ಮೀರಿಲ್ಲ, ಸದ್ಯ! ಎಲ್ಲರೂ ಮದುಮಗಳ ಹಿಂದೆ ಓಡುತ್ತಾರೆ. ಸಾಬರು ಮಾತ್ರ ಹೊಸ ಧೋತರಗಳ ನಡುವೆಯೇ ನೆಲಕ್ಕೆ ಬಿದ್ದು ಕಾರಿನಡಿ ಸೇರುತ್ತಾರೆ.

ಮಹಾದೇವಕ್ಕ ಅಕ್ಷತೆಯ ತಟ್ಟೆ ಹಿಡಿದು ಹುಡುಕಿಕೊಂಡು ಬರುತ್ತಾರೆ. "ಸಾಬರ, ಏಳ್ರಿ! ಅಕ್ಕಿಕಾಳು ಹಾಕೂ ಹೊತ್ತಾತು!"

ಚೇಂಬರಿನ ಅಂಚನ್ನೆಲ್ಲ ಸವರಿದ ಅಂಗೈಯನ್ನು ಸಾಬರು ಬಿಸಿಲಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅದನ್ನೇ ಆಕೆಯ ಮುಂದೆ ಚಾಚುತ್ತಾರೆ.

"ಒಂದ ಹನಿ ಇಲ್ಲರಿ ಅಕ್ಕಾರ. ಈಗ ಕೊಡ್ರಿ ಅಕ್ಕಿಕಾಳು."