ಮಾಹಿತಿ ಕೊಟ್ಟವರು: ಗಂಡ

2022ರ ಜನವರಿ. ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾಗಿ, ಬೆಳಗಾವಿಯ ಹಿಂದವಾಡಿಯಲ್ಲಿ ಎರಡು ಕೋಣೆಯ ಖಾಸಗಿ ಕ್ಲಿನಿಕ್ ತೆರೆದು ನನಗೆ ಮೂರನೆಯ ವರ್ಷ ನಡೆದಿತ್ತು. ಆಗ ಬಂದ ಒಂದು ಪ್ರಕರಣ ನೆನಪಾದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುವವರ ಮಾತು ನಂಬಬೇಡಿ. ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲೇ ಎಂದು ಆ ರೋಗಿಯನ್ನು ಕೇಳಿದಾಗ, “ಬರೀರಿ, ಆದ್ರ ಜಂಪರದ ವಿಷಯ ಬಿಡಬ್ಯಾಡ್ರಿ” ಎಂದಳು. ಬಿಡುವುದಿಲ್ಲ. ಜಂಪರ ಅಂದರೆ ನಮ್ಮ ಕಡೆ ರವಿಕೆ.

ಆಕೆಯನ್ನು ರೇಣುಕಾ ಎನ್ನೋಣ. ಮೂವತ್ಮೂರು ವರ್ಷ. ತವರು ಖಾನಾಪುರದ ಹತ್ತಿರದ ಹಳ್ಳಿ, ಮದುವೆಯಾಗಿ ಬಂದದ್ದು ಬೆಳಗಾವಿಯ ವಡಗಾವಿಗೆ. ಮನೆಯಲ್ಲೇ ಹೊಲಿಗೆ. ಗಂಡ ಮಹಾಂತೇಶ ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಕ್ಲಿನಿಕ್ಕಿಗೆ ಫೋನ್ ಹಚ್ಚಿ ವೇಳೆ ಗೊತ್ತುಮಾಡಿಕೊಂಡವಳು ರೇಣುಕಾಳೇ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

“ನಂಗೇನೂ ಹುಚ್ಚ ಹಿಡದಿಲ್ರಿ ಬಾಯಾರ,” ಎಂದು ಕುಳಿತುಕೊಳ್ಳುವ ಮೊದಲೇ ಶುರುಮಾಡಿದಳು. ಬಾಯಾರ ಅಂದರೆ ನಮ್ಮ ಕಡೆ ಅಮ್ಮಾವ್ರು, ಮೇಡಂ. “ಆದ್ರ ಮನ್ಯಾಗ ಹನ್ನೊಂದು ಜಂಪರ ಅರ್ಧಕ್ಕ ಬಿದ್ದಾವು. ಒಂದಕ್ಕ ತೋಳಿಲ್ಲ, ಒಂದಕ್ಕ ಹುಕ್ಕಿಲ್ಲ. ಒಂದು ಹಿಡದ್ರ ಇನ್ನೊಂದು ನೆನಪಾಕೈತಿ. ಒಲಿ ಮ್ಯಾಲೆ ಹಾಲಿಟ್ಟು ಗಿರಾಕಿ ಕೂಡ ಮಾತಾಡ್ಕೋತ ಕುಂದರ್ತೇನಿ. ಇದಕ್ಕ ಒಂದು ಹೆಸರೈತಿ ಅಂತ ಫೋನಿನ್ಯಾಗ ಓದೇನ್ರಿ.”

ಅವಸರಕ್ಕೆ ಕಾರಣವಿತ್ತು. ಖಾನಾಪುರದ ಒಂದು ಹೊಲಿಗೆ ತರಬೇತಿ ಕೇಂದ್ರದವರು ಏಪ್ರಿಲ್‌ನಿಂದ ಹೊಸ ತಂಡಕ್ಕೆ ಕಲಿಸಲು ಆಕೆಯನ್ನು ಆರಿಸಿದ್ದರು. ಮೂರು ತಿಂಗಳು ನೋಡುವುದು, ಸರಿಹೋದರೆ ಕಾಯಂ. ಆರಿಸಿದ್ದು ಆಕೆಯ ಬಾಯಿ ನೋಡಿ. ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ ಹೇಳುತ್ತ, ನಗಿಸುತ್ತ, ಕತ್ತರಿ ಹಿಡಿಯಲು ಹೆದರುವವರೂ ಬಟ್ಟೆ ಕತ್ತರಿಸುವಂತೆ ಮಾಡಿಬಿಡುತ್ತಿದ್ದಳಂತೆ. ಅಳತೆಯ ಚೀಟಿ ಕಳೆದುಕೊಂಡು, ಬಸ್ಸು ತಪ್ಪಿಸಿಕೊಂಡು, ಈ ಕೆಲಸವನ್ನು ಕೈಯಾರೆ ಹಾಳುಮಾಡಿಕೊಳ್ಳುತ್ತೇನೆ ಎಂಬುದು ಆಕೆಯ ಭಯ. ನನಗಿಂತ ಮೊದಲು ಇಬ್ಬರು ಡಾಕ್ಟರರ ಬಳಿ ಹೋಗಿದ್ದಳು. ಒಬ್ಬರು ಟೆನ್ಷನ್ ಎಂದು ವಿಟಮಿನ್ ಗುಳಿಗೆ ಕೊಟ್ಟಿದ್ದರು. ಇನ್ನೊಬ್ಬರು ಇದು ಮಕ್ಕಳ ಕಾಯಿಲೆ, ದೊಡ್ಡವರಿಗೆ ಬರುವುದಿಲ್ಲ ಎಂದು ನಕ್ಕು ಕಳಿಸಿದ್ದರು. ಬಾಲ್ಯದಲ್ಲಿ ಇದ್ದದ್ದನ್ನು ಯಾರೂ ಗುರುತಿಸದಿದ್ದರೆ ಅದು ದೊಡ್ಡವಳಾದ ಮೇಲೆ ತಾನಾಗಿ ಓಡಿಹೋಗುತ್ತದೆಯೇ? ನಗುವ ವಿಷಯವೇ ಅದು?

ಎಡಿಎಚ್‌ಡಿ ಎಂಬುದು ಆಕೆ ಫೋನಿನಲ್ಲಿ ಓದಿದ ಹೆಸರು. ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸಲು, ಬೇಡವಾದಾಗ ತೆಗೆಯಲು ಮೆದುಳಿಗೆ ಕಷ್ಟವಾಗುವ ಸ್ಥಿತಿ. ರಕ್ತಪರೀಕ್ಷೆಯಿಂದ ತಿಳಿಯುವಂಥದ್ದಲ್ಲ. ವಿವರವಾಗಿ ಮಾತಾಡಬೇಕು, ಪ್ರಶ್ನಾವಳಿ ತುಂಬಿಸಬೇಕು, ಹನ್ನೆರಡು ವರ್ಷದೊಳಗೇ ಲಕ್ಷಣಗಳಿದ್ದವೆಂದು ಖಚಿತಪಡಿಸಿಕೊಳ್ಳಬೇಕು. ಎರಡು ದಿನ ಕೂಡಿಸಿ ನಾಲ್ಕು ತಾಸು ತೆಗೆದುಕೊಂಡೆ. ಬಾಲ್ಯದ ಬಗ್ಗೆ ಕೇಳಲು ಆಕೆಯ ತಾಯಿಯನ್ನು ಕರೆಸಿದೆ. “ಬೆಲ್ಲ ತಾ ಅಂತ ಅಂಗಡಿಗೆ ಕಳಿಸಿದ್ರ ಹೊಳಿ ದಂಡ್ಯಾಗ ಸಿಗತಿದ್ಲರಿ. ಬೆಲ್ಲನೂ ಇಲ್ಲ, ಚಪ್ಪಲಿನೂ ಇಲ್ಲ,” ಎಂದಳು ಆ ತಾಯಿ. ಸಂಶಯ ಉಳಿಯಲಿಲ್ಲ.

ಇಲ್ಲೊಂದು ಕಚೇರಿ ಪದ್ಧತಿ ಹೇಳಬೇಕು. ಮನೋವೈದ್ಯರ ಕೇಸ್ ಶೀಟಿನಲ್ಲಿ ರೋಗಿಯ ಹೆಸರಿನ ಕೆಳಗೇ ‘ಇನ್‌ಫಾರ್ಮಂಟ್’ ಎಂಬ ಖಾನೆ ಇರುತ್ತದೆ. ಅಂದರೆ ಮಾಹಿತಿ ಕೊಟ್ಟವರು ಯಾರು. ಅದರ ಮುಂದೆ, ಅವರ ಮಾತು ನಂಬಲರ್ಹವೇ ಎಂದು ಬರೆಯಬೇಕು. ರೋಗಿ ತನ್ನ ಬಗ್ಗೆ ತಾನೇ ಹೇಳಲಾಗದ ಸ್ಥಿತಿಯಲ್ಲಿದ್ದರೆ ಈ ಖಾನೆ ಬೇಕೇ ಬೇಕು. ಬಾಲ್ಯದ ವಿವರಕ್ಕೂ ಬೇಕು. ಕಲಿಯುವಾಗ ನಮ್ಮ ಕೈಗೆ ಹೊಡೆದು ರೂಢಿ ಮಾಡಿಸಿದ ಖಾನೆ ಅದು.

ಫೆಬ್ರವರಿಯಲ್ಲಿ ಮಿಥೈಲ್‌ಫೆನಿಡೇಟ್ ಶುರುಮಾಡಿದೆ. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬಗೆಯದು, ಬೆಳಿಗ್ಗೆ ಹತ್ತು ಮಿಲಿಗ್ರಾಂ. ಕಾನೂನಿನ ಬಿಗಿ ಇರುವ ಔಷಧಿ, ಚೀಟಿಯನ್ನು ಎರಡು ಪ್ರತಿ ಬರೆಯಬೇಕು. ಬೆಳಗಾವಿಯಂಥ ಊರಲ್ಲೂ ಆಕೆ ಅಂಗಡಿ ಹುಡುಕಬೇಕಾಯಿತು. ಕಡಿಮೆಯಿಂದ ಶುರುಮಾಡಿ, ನೋಡುತ್ತ ನೋಡುತ್ತ ಏರಿಸಿ, ಎಲ್ಲಿ ಲಾಭ ಹೆಚ್ಚು ತೊಂದರೆ ಕಡಿಮೆಯೋ ಅಲ್ಲಿ ನಿಲ್ಲಿಸುವುದಕ್ಕೆ ಟೈಟ್ರೇಶನ್ ಎನ್ನುತ್ತಾರೆ. ಇದರಲ್ಲಿ ಜಾಣತನ ಇರುವುದು ಏರಿಸುವುದರಲ್ಲಲ್ಲ, ನಿಲ್ಲಿಸುವುದರಲ್ಲಿ.

ಔಷಧಿ ಶುರುವಾದ ಮೇಲೆ ಪ್ರತಿ ಭೇಟಿಗೂ ಮಹಾಂತೇಶ ಜೊತೆಗೆ ಬಂದ. ರಜೆ ಹಾಕಿ ಬರುತ್ತಿದ್ದ. ಎಂಥ ಒಳ್ಳೆಯ ಗಂಡ ಎಂದುಕೊಂಡೆ. ಫೆಬ್ರವರಿ ಕೊನೆಗೆ, ಎರಡನೆಯ ಭೇಟಿಯ ಹೊತ್ತಿಗೆ, ಪ್ರಮಾಣ ಇಪ್ಪತ್ತಕ್ಕೆ ಬಂದಿತ್ತು. ರೇಣುಕಾ ಬಾಗಿಲಲ್ಲೇ, “ಹನ್ನೊಂದೂ ಮುಗಿಸೇನ್ರಿ ಬಾಯಾರ!” ಎಂದು ಕೂಗಿದಳು. ಮೂರನೆಯ ಸಲ, ಮಾರ್ಚಿನಲ್ಲಿ, ಮಾತು ಆತನದೇ. “ಛಲೋ ಅದಾಳ್ರಿ ಮೇಡಂ. ಆದ್ರ ಸಂಜಿಕ ಮತ್ತ ಮಾತು ಶುರು ಆಕಾವು. ನಮ್ಮ ಅವ್ವಗ ತಲಿಬ್ಯಾನಿ ಬರತೈತಿ. ಒಂಚೂರು ಡೋಸ್ ಏರಸ್ರಿ.”

ಏರಿಸಿದೆ. ಸಂಜೆಯ ಹೊತ್ತಿಗೆ ಔಷಧಿಯ ಪ್ರಭಾವ ಇಳಿಯುತ್ತಿದೆ ಎಂದು ಡಾಕ್ಟರ್ ಬುದ್ಧಿ ಲೆಕ್ಕ ಹಾಕಿತು. ಮಾರ್ಚಿನಲ್ಲಿ ಮೂವತ್ತು, ಏಪ್ರಿಲ್‌ನಲ್ಲಿ ನಲವತ್ತು. ಅದೇ ತಿಂಗಳು ಆಕೆ ಖಾನಾಪುರದಲ್ಲಿ ಕಲಿಸತೊಡಗಿದ್ದಳು. ಜೂನ್ ಮೊದಲ ವಾರ ಆತ ಹೇಳಿದ: “ಈಗ ಶಾಣ್ಯಾಕಿ ಆಗ್ಯಾಳ ನೋಡ್ರಿ. ಒಂದ ಕಡೆ ಕುಂತ್ರ ಏಳಂಗಿಲ್ಲ.” ಶಾಣ್ಯಾ ಎಂದರೆ ನಮ್ಮ ಕಡೆ ಜಾಣ. ಮರಾಠಿಯವರದೂ ಅದೇ ಮಾತು. ಆದರೆ ಸೊಸೆಯಂದಿರ ವಿಷಯದಲ್ಲಿ ಅದಕ್ಕೆ ಬೇರೆ ಅರ್ಥವಿದೆ, ಎದುರು ಮಾತಾಡದವಳು ಎಂದು. ಇಲ್ಲಿಯೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ‘ಉತ್ತಮ ಸುಧಾರಣೆ, ನಲವತ್ತನ್ನೇ ಮುಂದುವರಿಸಿ’ ಎಂದು ಬರೆದೆ. ಅದೇ ಹಾಳೆಯಲ್ಲಿ ನನ್ನ ಕೈಯಾರೆ ಬರೆದ ಅಂಕಿಗಳೂ ಇದ್ದವು. ತೂಕ ಐವತ್ತಾರರಿಂದ ಐವತ್ತಕ್ಕೆ ಇಳಿದಿತ್ತು, ನಾಡಿ ಎಪ್ಪತ್ತೆಂಟರಿಂದ ನೂರಾ ನಾಲ್ಕಕ್ಕೆ ಏರಿತ್ತು. ಎಂಬಿಬಿಎಸ್ ಹುಡುಗಿ ಕೂಡ ತಡೆದು ಕೇಳುತ್ತಿದ್ದಳು. ನನಗೇನು ಧಾಡಿಯಾಗಿತ್ತು?

ಜುಲೈಯಲ್ಲಿ ರೇಣುಕಾ ಒಬ್ಬಳೇ ಬಂದಳು, ಮುಂಚಿತವಾಗಿ ತಿಳಿಸದೆ. ಮಾತಿಲ್ಲದೆ ಕುಳಿತು ಚೀಲದಿಂದ ಒಂದು ಹಸಿರು ಜಂಪರ ತೆಗೆದು ನನ್ನ ಮೇಜಿನ ಮೇಲೆ ಹಾಸಿದಳು. ತೋಳು ಕೂಡುವಲ್ಲಿ ಸೂಜಿಯ ತೂತುಗಳು ಸಾಲು ಸಾಲಾಗಿದ್ದವು. ಬಟ್ಟೆ ಜಾಳಾಗಿ ಬೆಳಕು ಕಾಣುತ್ತಿತ್ತು.

“ಏಳು ಸಲ ಬಿಚ್ಚಿ ಹೊಲದೇನ್ರಿ,” ಎಂದಳು. “ರಜಾ ದಿನ ಮುಂಜಾನೆ ಕುಂತ್ರ ಸಂಜಿಮಟ ಇದೊಂದ ತೋಳು. ಹಸಿವಿಲ್ಲ, ಮಾತಿಲ್ಲ. ಮನ್ಯಾಗ ಎಲ್ಲಾರೂ ಖುಷಿ ಅದಾರ. ಖಾನಾಪುರದಾಗ ಹುಡುಗ್ಯಾರು ಏನರ ಕೇಳಿದ್ರ ಬಾಯಾಗಿಂದ ಶಬ್ದ ಬರಲಿಲ್ರಿ. ಹೋದ ವಾರ ಕೇಂದ್ರದವರು ಸಾಕು ಅಂದ್ರು.”

ಔಷಧಿಯ ಪ್ರಮಾಣ ಹೆಚ್ಚಾದರೆ ಗಮನ ಒಂದೇ ಕಡೆ ಕೀಲಿ ಹಾಕಿದಂತೆ ಸಿಕ್ಕಿಬೀಳುತ್ತದೆ, ಮನಸ್ಸು ಮಂಕಾಗುತ್ತದೆ. ಪುಸ್ತಕದಲ್ಲಿ ಇರುವ ವಿಷಯವೇ. ಅದನ್ನು ಬಿಟ್ಟು ನಾನು ಕೇಳಿದ್ದು, “ಮೊದಲ ಯಾಕ ಹೇಳಲಿಲ್ಲ?” ಅಂತ.

“ನೀವ ಯಾವಾಗ ಕೇಳಿದ್ರಿ?” ಎಂದಳು.

ಆ ದಿನವೇ ನಲವತ್ತನ್ನು ಇಪ್ಪತ್ತಕ್ಕೆ ಇಳಿಸಿದೆ. ಮುಂದಿನ ವಾರ ಗಂಡನನ್ನೂ ಕರೆದುಕೊಂಡು ಬರಲು ಹೇಳಿದೆ. ಆತ ಬಂದು ಕುರ್ಚಿ ಎಳೆದುಕೊಂಡು, “ನಾ ಏನ ತಪ್ಪ ಮಾಡೇನ್ರಿ ಮೇಡಂ? ಮನಿ ಶಾಂತ ಆಗಿತ್ತು, ಅಷ್ಟ ಹೇಳೇನಿ,” ಎಂದಾಗ ನಾನು ಮೇಜು ಗುದ್ದಿದೆ.

“ಮನಿ ಶಾಂತ ಆಗಾಕ ಗುಳಿಗಿ ಬೇಕಾಗಿದ್ರ ನೀವ ನುಂಗಬೇಕಿತ್ತು. ಆಕಿಗ್ಯಾಕ ನುಂಗಿಸಿದ್ರಿ? ಖಾನಾಪುರದಾಗ ಆಕಿ ಬಾಯಿ ನೋಡಿ ಕೆಲಸ ಕೊಟ್ಟಿದ್ರು, ನೀವು ಆ ಬಾಯಿನ ಮುಚ್ಚಿಸಿದ್ರಿ!”

ಆತ ನೆಲ ನೋಡಿದ. ರೇಣುಕಾ ನಕ್ಕಳು. ತಿಂಗಳುಗಳ ಮೇಲೆ ಆ ನಗು ಕೇಳಿದ ನನಗೆ ಏನೋ ದೊಡ್ಡ ನ್ಯಾಯ ಕೊಟ್ಟಂತೆ ಅನ್ನಿಸಿತು. ಅಷ್ಟರಲ್ಲಿ ಆಕೆ ಕೈ ಚಾಚಿದಳು.

“ಅವರಿಗೆ ಬೈದಿದ್ದು ಸಾಕ್ರಿ. ಆ ಫೈಲ್ ಇತ್ತ ಕೊಡ್ರಿ.”

ಕೊಟ್ಟೆ. ಪಿಯುಸಿ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು. “ಇನ್‌ಫಾರ್ಮಂಟ್ ಅಂದ್ರ ಏನ್ರಿ? ಅದರ ಮುಂದ ರಿಲಾಯಬಲ್ ಅಂತ ಐತಲ್ಲ, ಅದೇನು?”

ಹೇಳಿದೆ.

ಒಂದೊಂದೇ ಹಾಳೆ ಮಗುಚಿದಳು. “ಗಂಡ, ನಂಬಲರ್ಹ. ಗಂಡ, ನಂಬಲರ್ಹ. ಇವರು ಬಂದ ಐದೂ ಸಲ ಇದ ಐತಿ. ಫೋನ್ ಹಚ್ಚಿ ಬಂದಾಕಿ ನಾನು, ಗುಳಿಗಿ ನುಂಗಿದಾಕಿ ನಾನು, ಕೆಲಸ ಕಳಕೊಂಡಾಕಿ ನಾನು. ಹೆಂಗನಸ್ತೈತಿ ಅಂತ ಇವರನ್ನ ಕೇಳೀರಿ. ಇವರು ಬರೇ ಹೇಳಿದ್ರು ಬಾಯಾರ. ಬರದಾಕಿ ಯಾರು?”

ಅಕ್ಷರ ನನ್ನದೇ ಆಗಿತ್ತು. ತಪ್ಪಾಯಿತು ಎಂದೆ. ಆಕೆ ಪರವಾಗಿಲ್ಲ ಎನ್ನಲಿಲ್ಲ. ಪೆನ್ನು ನನ್ನ ಕಡೆ ತಳ್ಳಿದಳು.

“ಇವತ್ತಿಂದು ಬರೀರಿ. ನನ್ನ ಹೆಸರ ಹಾಕ್ರಿ. ಅದರ ಬಾಜೂಕ ಆ ಇನ್ನೊಂದು ಮಾತನೂ ಬರೀರಿ.”

‘ಮಾಹಿತಿ ಕೊಟ್ಟವರು: ಸ್ವತಃ. ನಂಬಲರ್ಹ.’ ಕನ್ನಡದಲ್ಲೇ ಬರೆದೆ. ಓದಿ ನೋಡಿಯೇ ಎದ್ದಳು.

ಇಪ್ಪತ್ತೇ ಆಕೆಯ ಸರಿಯಾದ ಪ್ರಮಾಣವಾಗಿತ್ತು. ಫೆಬ್ರವರಿಯಲ್ಲೇ ಬಾಗಿಲಲ್ಲಿ ನಿಂತು ಕೂಗಿ ಹೇಳಿದ್ದಳು. ನಾನು ಖಾನಾಪುರದ ಕೇಂದ್ರಕ್ಕೆ ಹೋಗಿ, ತಪ್ಪು ಆಕೆಯದಲ್ಲ, ಔಷಧಿ ಕೊಟ್ಟ ನನ್ನದು ಎಂದು ವಿವರಿಸಿದೆ. ಸೌಜನ್ಯದಿಂದ ಚಹಾ ಕೊಟ್ಟರು. ಬೇರೆಯವರನ್ನು ತೆಗೆದುಕೊಂಡಾಗಿತ್ತು. ಆ ಕೆಲಸ ಮರಳಿ ಬರಲಿಲ್ಲ. ರೇಣುಕಾ ಈಗ ವಡಗಾವಿಯಲ್ಲಿ ಮೊದಲಿನಂತೆ ಮನೆಯಲ್ಲೇ ಹೊಲಿಯುತ್ತಾಳೆ. ಅದನ್ನು ಸುಖಾಂತ್ಯ ಎಂದು ಯಾರಾದರೂ ಅಂದರೆ ನನಗೆ ರೇಗುತ್ತದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ಗುಳಿಗೆಯ ಅಳತೆಯನ್ನು ಅದನ್ನು ನುಂಗುವವರ ಬಾಯಿಂದ ಕೇಳಬೇಕು, ಅವರ ಪಕ್ಕದ ಕುರ್ಚಿಯಿಂದಲ್ಲ. ಇಷ್ಟು ಕಲಿಯಲು ಇನ್ನೊಬ್ಬಳ ನೌಕರಿ ಹೋಗಬೇಕಾಯಿತು. ಈಗ ನನ್ನ ಕ್ಲಿನಿಕ್ಕಿನಲ್ಲಿ ಜೊತೆಗೆ ಬಂದವರು ಮೊದಲ ಹದಿನೈದು ನಿಮಿಷ ಹೊರಗೆ ಕುಳಿತಿರುತ್ತಾರೆ, ಎಂಥ ಒಳ್ಳೆಯ ಗಂಡನಾದರೂ ಸರಿ.

ರೇಣುಕಾ ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಬಂದವಳು ನಿಂತೇ ಇರುತ್ತಾಳೆ. “ಕುಂದರ್ರಿ” ಎಂದರೆ ಹೇಳುತ್ತಾಳೆ, “ಮೊದಲ ನನ್ನ ಹೆಸರ ಬರೀರಿ ಬಾಯಾರ. ಆಮ್ಯಾಲೆ ಕುಂದರ್ತೇನಿ.”

ಬರೆಯುತ್ತೇನೆ. ಆಮೇಲೆ ಕೂರುತ್ತಾಳೆ.