ಠಾಣೆಗೆ ಹೋಗಿ ಬರುವಷ್ಟು ಹೊತ್ತು

ಫ್ರಿಜ್ಜಿನ ಬಾಗಿಲಲ್ಲಿ, ಕೊತ್ತಂಬರಿ ಕಟ್ಟಿನ ಪಕ್ಕ, ನನ್ನ ಕಣ್ಣಿನ ಹನಿಯ ಶೀಶೆ ಬಂದು ಕೂತಿದೆ. ಹೆಬ್ಬೆರಳಿನಷ್ಟೂ ಇಲ್ಲದ ಅದನ್ನು ಕಂಡಾಗಲೆಲ್ಲ ಎದುರುಮನೆಯ ಸಿಸ್ಟರ್ ನೆನಪಾಗುತ್ತಾರೆ...

ನೆರೂಳದ ನಮ್ಮ ಸೊಸೈಟಿಯಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಉಡುಪಿ ಕಡೆಯವರು, ಲೋಕಲ್ ಟ್ರೇನಿನಲ್ಲಿ ಹೋಗಿಬರುವ ಠಾಣೆ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವರು ಮೊದಲು ನಮ್ಮಲ್ಲಿ ಕೈ ತೊಳೆದು, ಅಮ್ಮನ ಕಣ್ಣಿಗೆ ಗ್ಲಾಕೋಮಾದ ಹನಿ ಹಾಕುತ್ತಿದ್ದರು. ಆಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಔಷಧ ಮೈಗಿಳಿಯುತ್ತದೆ. ಕಣ್ಣು ಮುಚ್ಚಿದ ಅಮ್ಮನಿಗೆ ಗಡಿಯಾರ ಎಲ್ಲಿಂದ ಕಾಣಬೇಕು? ಅದಕ್ಕೇ ಸಿಸ್ಟರ್ ತಮ್ಮ ಲೋಕಲ್ ಟ್ರೇನಿನ ಸ್ಟೇಷನ್ನುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳಲು ಕಲಿಸಿದ್ದರು. ನೆರೂಳ, ಜುಯಿನಗರ, ತುರ್ಭೆ... ರಬಾಳೆ, ಐರೋಲಿ ದಾಟಿ ಠಾಣೆ ಮುಟ್ಟಿ, ನಿಧಾನವಾಗಿ ವಾಪಸು ಬರುವವರೆಗೆ ಬೆರಳು ತೆಗೆಯುವಂತಿಲ್ಲ. ಮೈಸೂರಿನ ಅಮ್ಮ ಇಷ್ಟಪಟ್ಟು ಮಾಡಿದ ಲೋಕಲ್ ಪ್ರಯಾಣ ಅದೊಂದೇ.

ಒಮ್ಮೆ ಡಾಕ್ಟರು ಹನಿ ಬದಲಿಸಿದರು. ಸಿಸ್ಟರ್ ಚೀಟಿ ಓದಿ ಕೇಳಿದರು, "ಅಮ್ಮ, ನಿಮಗೆ ಉಬ್ಬಸ ಉಂಟಾ?"

"ಇಲ್ವಲ್ಲ. ಕಣ್ಣಿಗೂ ಎದೆಗೂ ಏನಮ್ಮ ಸಂಬಂಧ?"

ಹಸಿ ಸುಳ್ಳು. ಆಗ ತಂಗಿಗೆ ಗಂಡು ನೋಡುತ್ತಿದ್ದೆವು. ಉಬ್ಬಸದ ಮನೆತನ ಅಂತ ಗೊತ್ತಾದರೆ ಸಂಬಂಧ ತಪ್ಪೀತೆಂದು ಅಮ್ಮ ಉಸಿರಿನ ಪಂಪನ್ನು ಎಲ್ಲೋ ಬಚ್ಚಿಟ್ಟಿದ್ದಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಕಣ್ಣೊರೆಸಲು ಸಿಸ್ಟರ್ ಹತ್ತಿ ಕೇಳಿದರು. ಕೈಗೆ ಸಿಕ್ಕಿದ್ದೆಂದು ದೇವರ ಮುಂದಿನ ಹೂಬತ್ತಿ ಡಬ್ಬಿಯನ್ನೇ ಕೊಟ್ಟೆ. ಮುಚ್ಚಳ ತೆಗೆದರೆ ಹತ್ತಿಯ ನಡುವೆ ನೀಲಿ ಪಂಪು!

ಸಿಸ್ಟರ್ ಶೀಶೆಯನ್ನು ಮುಚ್ಚಿಟ್ಟರು. "ಇದು ಹಾಕಿದ್ರೆ ನಿಮ್ಗೆ ಉಸಿರೇ ಕಟ್ಟಬಹುದು ಅಮ್ಮ. ನಾನು ಹಾಕುದಿಲ್ಲ."

ಅಮ್ಮ ಅತ್ತೇಬಿಟ್ಟಳು. "ಯಾರಿಗೂ ಹೇಳ್ಬೇಡಮ್ಮ."

"ಡಾಕ್ಟರಿಗೆ ಹೇಳ್ಲೇಬೇಕು. ಬೇರೆ ಯಾರಿಗೂ ಇಲ್ಲ."

ಅಲ್ಲೇ ನಿಂತು ಫೋನ್ ಮಾಡಿ ಬೇರೆ ಔಷಧ ಬರೆಸಿಕೊಂಡರು. ತಂಗಿಯ ಮದುವೆಯಲ್ಲಿ ಬೀಗರ ಪಕ್ಕದಲ್ಲೇ ಕೂತು ಉಂಡರೂ ಅವರ ಬಾಯಿಂದ ಒಂದು ಮಾತು ಹೊರಬೀಳಲಿಲ್ಲ.

ಅಮ್ಮ ಹೋದಳು. ಸಿಸ್ಟರ್ ರಿಟೈರಾಗಿ ಊರು ಸೇರಿದರು. ಫೋನ್ ಮಾಡಬೇಕು, ಮಾಡಬೇಕು ಅನ್ನುತ್ತಲೇ ಇದ್ದೆ... ಹೋದ ವರ್ಷ ಅವರೂ ಇಲ್ಲವೆಂದು ಸೊಸೈಟಿಯ ವಾಟ್ಸಾಪಿನಲ್ಲಿ ಓದಿದೆ.

ಅಮ್ಮನ ಕಣ್ಣು, ಅಮ್ಮನ ಉಬ್ಬಸ, ಎರಡೂ ಈಗ ನನ್ನ ಪಾಲಿಗೆ ಬಂದಿವೆ. ಮೊನ್ನೆ ಕ್ಲಿನಿಕ್ಕಿನಲ್ಲಿ ಯಾರೂ ಕೇಳಲಿಲ್ಲ. ನಾನೇ "ಉಬ್ಬಸ ಇದೆ" ಅಂದೆ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು.

ಇವತ್ತು ಹನಿ ಹಾಕಿ, ಕಣ್ಣಿನ ಮೂಲೆ ಒತ್ತಿ, ಠಾಣೆಗೆ ಹೊರಟೆ. ಐರೋಲಿಯಾದ ಮೇಲೆ ಈಗ ದಿಘೆ ಎಂಬ ಹೊಸ ಸ್ಟೇಷನ್ ಬಂದಿದೆ. ಸಿಸ್ಟರಿಗೆ ಹೇಳಬೇಕಿತ್ತು.